ಒಂದೇ ರೇಟಿನ ಅಜ್ಜನ ಬಾಂಡು

ಕಟ್ಟಡದ ಮಾಲೀಕರು ಬೇಕರಿಗೆ ಬಂದವರು ಏನೂ ಕೊಳ್ಳದೆ, ಹಿಟ್ಟಿನ ಮೂಟೆಗಳ ಪಕ್ಕದ ಸ್ಟೂಲಿನ ಮೇಲೆ ಕೂತು ಒಂದು ಲೋಟ ನೀರು ಕೇಳಿದಾಗಲೇ ಸೊಸೆಗೆ ಏನೋ ಕಾದಿದೆ ಎನ್ನಿಸಿತು. ಬಾಡಿಗೆ ಏರಿಸುವ ಮಾತಾಗಿದ್ದರೆ ಅವರು ನಿಂತೇ ಹೇಳಿ, ನಾಲ್ಕು ಬನ್ನು ಕಟ್ಟಿಸಿಕೊಂಡು ಹೋಗುವವರು. ಕೂತರೆಂದರೆ ವಿಷಯ ದೊಡ್ಡದು. ಮಾಲೀಕರಿಗೆ ವಯಸ್ಸಾಗಿತ್ತು, ದೂರದ ಮಗಳ ಮನೆ ಸೇರಲು ಹೊರಟಿದ್ದರು. ಕೆಳಗೆ ಬೇಕರಿ, ಮೇಲೆ ಮನೆ ಇರುವ ಈ ಕಟ್ಟಡವನ್ನು ಮಾರಬೇಕಾಗಿತ್ತು. ಎದುರು ಸಾಲಿನ ಫೋನ್ ಅಂಗಡಿಯವನು ಹಣ ಹಿಡಿದುಕೊಂಡೇ ಓಡಾಡುತ್ತಿದ್ದಾನೆ, ಆದರೆ ನಿಮ್ಮನ್ನು ಒಂದು ಮಾತು ಕೇಳದೆ ಅವನಿಗೆ ಕೊಟ್ಟರೆ ತಿಂದದ್ದು ಮೈಗೆ ಹತ್ತುವುದಿಲ್ಲ ಎಂದರು. ಈ ವಾರದೊಳಗೆ ಮುಂಗಡ, ಮುಂದಿನ ತಿಂಗಳ ಕೊನೆಯೊಳಗೆ ಬಾಕಿ. ಇಷ್ಟೇ ಅವರ ಷರತ್ತು.

ಸೊಸೆ ಓವನ್ ಕಡೆ ನೋಡಿದಳು. ಅದು ಗೋಡೆಯೊಳಗೇ ಇಟ್ಟಿಗೆಯಿಂದ ಕಟ್ಟಿದ ಓವನ್, ಹೊತ್ತುಕೊಂಡು ಹೋಗುವಂಥದ್ದಲ್ಲ. ಯಾವ ಮೂಲೆ ಬೇಗ ಕಾಯುತ್ತದೆ, ಯಾವ ಮೂಲೆಯಲ್ಲಿ ಬ್ರೆಡ್ಡನ್ನು ಒಮ್ಮೆ ತಿರುಗಿಸಬೇಕು ಎಂಬುದು ಈಗ ಅವಳೊಬ್ಬಳಿಗೇ ಗೊತ್ತು. ಮದುವೆಯಾಗಿ ಬಂದ ವರ್ಷವೇ ಬೇಕರಿಗೆ ಇಳಿದವಳು ಅವಳು, ಇಪ್ಪತ್ತೈದು ವರ್ಷವಾಯಿತು. ಕಟ್ಟಡ ಕೈಬಿಟ್ಟರೆ ಮನೆಯವರಿಗೆಲ್ಲ ಇನ್ನೊಂದು ಸೂರು ಸಿಕ್ಕೀತು. ಅವಳ ಕೈಗೆ ಮಾತ್ರ ಕೆಲಸ ಸಿಗುತ್ತಿರಲಿಲ್ಲ. ಆ ಯೋಚನೆಯಲ್ಲಿ ಒಂದು ತಟ್ಟೆ ಬನ್ನು ಕರಕಲಾಯಿತು. ಯಾರೂ ಬೈಯಲಿಲ್ಲ.

ಅಷ್ಟರಲ್ಲಿ ಅಜ್ಜ, ಅಂದರೆ ಅವಳ ಮಾವ, ಒಂದೊಂದೇ ಮೆಟ್ಟಿಲಿಗೆ ಮಂಡಿಗಳನ್ನು ಶಪಿಸುತ್ತ ಕೆಳಗಿಳಿದು ಬಂದರು. ವಿಷಯ ಕೇಳಿದವರು ಒಂದು ನಿಮಿಷವೂ ಯೋಚಿಸಲಿಲ್ಲ.

"ನಾವೇ ಕೊಳ್ತೀವಿ. ಅರ್ಧ ಬ್ಯಾಂಕಿನಿಂದ ತರೋಣ. ಇನ್ನರ್ಧಕ್ಕೆ ನನ್ನ ಬಾಂಡು ಇದೆಯಲ್ಲ, ಮಾರಿದ್ರಾಯ್ತು."

ಸೊಸೆಗೆ ಹೋದ ಜೀವ ಬಂದಂತಾಯಿತು. ಮಾವನ ಮಾತೆಂದರೆ ಮಾತು. ಬೀದಿಯಲ್ಲಿ ಅವರ ಹೆಸರೇ ಒಂದೇ ರೇಟಿನ ಅಜ್ಜ. ಬೇರೆ ಬೇಕರಿಗಳಲ್ಲಿ ಸಂಜೆಯಾದರೆ ಬಾಗಿಲಲ್ಲಿ ಅರ್ಧ ಬೆಲೆಯ ಬುಟ್ಟಿ ಇಡುತ್ತಾರೆ. ಇಲ್ಲಿ ಆ ಬುಟ್ಟಿಯನ್ನು ಯಾರೂ ಕಂಡವರಿಲ್ಲ. ಚೌಕಾಸಿ ಮಾಡಲು ಬಂದವರಿಗೆ ಅಜ್ಜ ಒಂದು ಲೋಟ ಚಹಾ ಬೇಕಾದರೆ ಬಿಟ್ಟಿ ಕುಡಿಸಿಯಾರು, ಬ್ರೆಡ್ಡಿನ ಬೆಲೆಯಲ್ಲಿ ಒಂದು ಕಾಸು ಇಳಿಸುವವರಲ್ಲ. ಇವತ್ತು ಇಳಿಸಿದರೆ ನಾಳೆ ಪೂರ್ತಿ ಬೆಲೆ ಯಾರು ಕೊಡುತ್ತಾರೆ ಎಂಬುದು ಅವರ ವಾದ.

ಸಂಜೆ ಊಟದ ಮೇಜಿನಲ್ಲಿ ಈ ಸುದ್ದಿ ಕೇಳಿ ಮೊಮ್ಮಗಳ ಚಮಚ ಸೂಪಿನ ಬಟ್ಟಲಲ್ಲೇ ನಿಂತುಬಿಟ್ಟಿತು. ಅವಳ ಕೆಲಸ ಷೇರು ದಲ್ಲಾಳಿಗಳ ಕಚೇರಿಯಲ್ಲಿ, ಅದರಲ್ಲೂ ಬಾಂಡು, ಅಂದರೆ ಬಡ್ಡಿಯ ಸಾಲಪತ್ರ, ಕೊಡಿಸುವ, ಮಾರಿಸುವ ವಿಭಾಗದಲ್ಲಿ. ಎರಡು ವರ್ಷದ ಹಿಂದೆ ಅಜ್ಜ ತಮ್ಮನ ಜೊತೆಗಿದ್ದ ಹಿಟ್ಟಿನ ಗಿರಣಿಯ ಪಾಲನ್ನು ಬಿಟ್ಟುಕೊಟ್ಟಾಗ ಬಂದ ಹಣವನ್ನು ಎಲ್ಲಿ ಇಡುವುದೆಂಬ ಮಾತು ಬಂದಿತ್ತು. ಆಗ ತಾನೇ ಕೆಲಸಕ್ಕೆ ಸೇರಿದ್ದ ಅವಳು, ಸರ್ಕಾರದ ಬಾಂಡು ತಗೊ ಅಜ್ಜ, ಬಡ್ಡಿ ಸ್ವಲ್ಪ ಕಡಿಮೆ, ಆದರೆ ದಿನವೂ ಕೊಳ್ಳುವವರು ಮಾರುವವರು ಇರುತ್ತಾರೆ, ಬೇಕೆಂದಾಗ ಕೈಗೆ ದುಡ್ಡು ಬರುತ್ತದೆ ಎಂದು ಹೇಳಿದ್ದಳು. ಹಿತ್ತಲ ಗಿಡ ಮದ್ದಲ್ಲ. ಅಜ್ಜ ತಮ್ಮ ಕ್ಷೌರಿಕನ ಮಾತು ಕೇಳಿ, ಟೋಲ್ ರಸ್ತೆ ಕಟ್ಟುವ ಒಂದು ಕಂಪನಿಯ ಬಾಂಡು ಕೊಂಡರು. ನೂರಕ್ಕೆ ಎರಡು ಹೆಚ್ಚು ಬಡ್ಡಿ. ಕಂಪನಿಯೇನೂ ಕೆಟ್ಟದ್ದಲ್ಲ, ಬಡ್ಡಿ ಹೇಳಿದ ದಿನವೇ ಬರುತ್ತಿತ್ತು. ಬಂದ ದಿನವೆಲ್ಲ ಅಜ್ಜ ಮೊಮ್ಮಗಳನ್ನು ನೋಡಿ ಮೀಸೆಯೊಳಗೇ ನಗುತ್ತಿದ್ದರು.

ಆದರೆ ಅಜ್ಜಿ ಮಾತ್ರ ಮೊಮ್ಮಗಳ ಮಾತು ಕೇಳಿದ್ದರು. ಬಡ್ಡಿ ಗಿಡ್ಡಿಯ ಲೆಕ್ಕ ತಿಳಿದು ಅಲ್ಲ. ಮಗು ಹೊಸದಾಗಿ ಕೆಲಸಕ್ಕೆ ಸೇರಿದೆ, ಬೋಣಿ ಮನೆಯವರೇ ಮಾಡಬೇಕು ಎಂದು ತಮ್ಮ ಕೈಯಲ್ಲಿದ್ದಷ್ಟಕ್ಕೆ ಸರ್ಕಾರದ ಬಾಂಡು ಕೊಂಡು ಮರೆತೇಬಿಟ್ಟಿದ್ದರು.

"ಅಜ್ಜ, ನಿನ್ನ ಬಾಂಡು ಮಾರೋದು ಅಷ್ಟು ಸುಲಭ ಅಲ್ಲ," ಎಂದಳು ಮೊಮ್ಮಗಳು.

"ಯಾಕೆ, ಹಳಸಿದೆಯಾ?"

"ಹಳಸಿಲ್ಲ. ಕೊಳ್ಳೋರು ಬೇಕಲ್ಲ. ಅದನ್ನ ತಗೊಂಡೋರೆಲ್ಲ ಪೆಟ್ಟಿಗೇಲಿಟ್ಟು ಬೀಗ ಹಾಕ್ಕೊಂಡು ಕೂತಿದಾರೆ. ತಿಂಗಳಾನುಗಟ್ಟಲೆ ಒಂದು ವ್ಯಾಪಾರ ಆಗಲ್ಲ."

"ಒಳ್ಳೆ ಸರಕಿಗೆ ಗಿರಾಕಿ ಬಂದೇ ಬರ್ತಾರೆ," ಎಂದು ಅಜ್ಜ ಬ್ರೆಡ್ಡನ್ನು ಸೂಪಿನಲ್ಲಿ ಅದ್ದಿದರು.

ಮರುದಿನ ಮುಂಗಡಕ್ಕೆಂದು ಅಜ್ಜಿಯ ಬಾಂಡನ್ನು ಮೊದಲು ಮಾರಿದರು. ಬೆಳಿಗ್ಗೆ ಕಚೇರಿಗೆ ಹೋದ ಮೊಮ್ಮಗಳು ಹತ್ತಿರದಲ್ಲೇ ಇಟ್ಟಿದ್ದ ಚಹಾ ಆರುವ ಮೊದಲೇ ಅದು ಮಾರಾಟವಾಗಿತ್ತು. ಕೊಂಡ ಬೆಲೆಗಿಂತ ಎರಡು ಕಾಸು ಹೆಚ್ಚೇ ಬಂತು. ಅದರ ಮಾರನೆಯ ದಿನ ಹಣ ಬ್ಯಾಂಕಿನಲ್ಲಿತ್ತು, ಸಂಜೆ ಮಾಲೀಕರ ಕೈಯಲ್ಲಿ. ಅಜ್ಜಿಗೆ ಆ ವಾರವೆಲ್ಲ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ತರಕಾರಿ ಹೆಚ್ಚುವಾಗ, ಬಟ್ಟೆ ಮಡಿಸುವಾಗ ಯಾರಿಗೂ ಅಲ್ಲವೆಂಬಂತೆ, ನಮ್ಮದು ಬಿಸಿ ಬನ್ನಿನ ಹಾಗೆ ಖರ್ಚಾಯಿತಪ್ಪ ಎನ್ನುತ್ತಿದ್ದರು. ಅಜ್ಜ ಕೇಳಿಸದವರಂತೆ ರೇಡಿಯೋದ ಸದ್ದು ಏರಿಸುತ್ತಿದ್ದರು.

ಅಜ್ಜನ ಬಾಂಡನ್ನು ಕೊಂಡ ಬೆಲೆಗೇ, ನೂರಕ್ಕೆ ನೂರರಂತೆ, ಮಾರಾಟಕ್ಕಿಟ್ಟರು. ಒಂದು ವಾರ ಕಳೆಯಿತು. ಯಾರೂ ಕೇಳಲಿಲ್ಲ. ಮೊಮ್ಮಗಳು ಮನೆಯವರ ಫೋನುಗಳಲ್ಲೆಲ್ಲ ಆ ಬಾಂಡಿನ ಬೆಲೆ ತೋರಿಸುವ ಆಪ್ ಹಾಕಿಕೊಟ್ಟಳು. ಫೋನೇ ಇಲ್ಲದ ಅಜ್ಜಿಯನ್ನು ಬಿಟ್ಟು ಎಲ್ಲರಿಗೂ ಅದೊಂದು ಚಟವಾಯಿತು. ಮಗ, ಅಂದರೆ ಹೋಟೆಲುಗಳಿಗೂ ಅಂಗಡಿಗಳಿಗೂ ಬ್ರೆಡ್ ಮುಟ್ಟಿಸಿ ಬರುವವನು, ಪ್ರತಿ ಅಂಗಡಿಯ ಮುಂದೆ ವ್ಯಾನ್ ನಿಲ್ಲಿಸಿದಾಗಲೂ ಒಮ್ಮೆ ನೋಡುತ್ತಿದ್ದ. ಸೊಸೆ ಹಿಟ್ಟಿನ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು ನೋಡುತ್ತಿದ್ದಳು. ಬೆಲೆ ಎಲ್ಲಿಟ್ಟಿದ್ದರೋ ಅಲ್ಲೇ ಇರುತ್ತಿತ್ತು.

ಎರಡನೆಯ ವಾರ ಒಬ್ಬರು ಕೇಳಿದರು. ನೂರಕ್ಕೆ ತೊಂಬತ್ತನಾಲ್ಕು.

"ತೊಂಬತ್ತನಾಲ್ಕಾ?" ಎಂದರು ಅಜ್ಜ. "ನಾನೇನು ಕದ್ದು ತಂದಿದ್ದಾ ಇದನ್ನ?"

ಮಗ ಮಧ್ಯೆ ಬಂದು, ಹೋಗಲಿ ಅಪ್ಪ, ಕೊಟ್ಟುಬಿಡೋಣ ಎಂದ. ಅವನು ಹುಟ್ಟಿದಾಗಿನಿಂದ ಆ ಮನೆಯಲ್ಲಿ ಹೋಗಲಿ ಎನ್ನುವ ಕೆಲಸವನ್ನೇ ಮಾಡಿಕೊಂಡು ಬಂದವನು. ಅಜ್ಜ ಒಪ್ಪಲಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಕಂಪನಿ ಗಟ್ಟಿಯಾಗಿದೆ, ಬಡ್ಡಿ ತಪ್ಪಿಲ್ಲ, ಇನ್ನು ನಾಲ್ಕು ವರ್ಷಕ್ಕೆ ಅಸಲು ಪೂರ್ತಿ ಬರುತ್ತದೆ, ಹಾಗಿರುವಾಗ ಬೆಲೆ ಯಾಕೆ ಇಳಿಸಬೇಕು? ಅವರ ಮಾತಿನಲ್ಲಿ ತಪ್ಪು ಹುಡುಕುವುದು ಕಷ್ಟವಾಗಿತ್ತು. ನಾಲ್ಕು ವರ್ಷ ಕಾಯಲು ಮಾಲೀಕರು ಒಪ್ಪಿದ್ದರೆ ಅದೇ ಸರಿಯಾದ ಮಾತು.

ಮಗ ಬ್ಯಾಂಕಿಗೂ ಹೋಗಿ ಬಂದ. ಕಟ್ಟಡದ ಅರ್ಧ ಬೆಲೆಗೆ ಸಾಲ ಕೊಡಲು ಅವರು ಒಪ್ಪಿದರು. ಬಾಂಡನ್ನು ಅಡವಿಟ್ಟುಕೊಂಡು ಇನ್ನರ್ಧವನ್ನೂ ಕೊಡಿ ಎಂದರೆ ಮ್ಯಾನೇಜರು ಆಗದೆಂದು ತಲೆಯಾಡಿಸಿದರು. ನಾಳೆ ಮಾರಬೇಕಾಗಿ ಬಂದರೆ ನಾವು ಯಾರಿಗೆ ಮಾರುವುದು ಎಂದು ಅವರೂ ಅದೇ ಪ್ರಶ್ನೆ ಕೇಳಿದರು. ಉಗುಳಲೂ ಆಗದ ನುಂಗಲೂ ಆಗದ ಬಿಸಿ ತುಪ್ಪವಾಯಿತು ಆ ಬಾಂಡು.

ಆ ವಾರವೇ ಬೇಕರಿಯಲ್ಲಿ ಒಂದು ದೊಡ್ಡ ಕೇಕ್ ಉಳಿದುಹೋಯಿತು. ಯಾರೋ ಹುಟ್ಟುಹಬ್ಬಕ್ಕೆಂದು ಹೆಸರು ಬರೆಸಿ ಹೇಳಿಹೋದವರು ತೆಗೆದುಕೊಂಡು ಹೋಗಲು ಬರಲೇ ಇಲ್ಲ. ಎರಡು ದಿನ ಗಾಜಿನ ಪೆಟ್ಟಿಗೆಯಲ್ಲಿಟ್ಟು, ಕೊನೆಗೆ ಮೇಲೆ ತಂದು ಮನೆಯವರೇ ಕತ್ತರಿಸಿಕೊಂಡರು. ಮೊಮ್ಮಗಳು ತನ್ನ ತುಂಡನ್ನು ಅಜ್ಜನ ಮುಂದೆ ಹಿಡಿದು ಹೇಳಿದಳು:

"ನೋಡಜ್ಜ, ಇದರಲ್ಲಿ ಬೆಣ್ಣೆ ಕಮ್ಮಿ ಇದೆಯಾ? ಸಕ್ಕರೆ ಕಮ್ಮಿ ಇದೆಯಾ? ಬನ್ನಿಗಿಂತ ಹತ್ತು ಪಾಲು ಒಳ್ಳೇದು. ಆದ್ರೆ ಬೇರೆಯವರ ಹೆಸರು ಬರೆದ ಕೇಕನ್ನ ದಾರೀಲಿ ಹೋಗೋರು ಕೊಳ್ತಾರಾ? ಬನ್ನಾದ್ರೆ ಯಾರು ಬೇಕಾದ್ರೂ ಕೊಳ್ತಾರೆ. ಅಜ್ಜೀದು ಬನ್ನು, ನಿಂದು ಈ ಕೇಕು."

ಅಜ್ಜಿ ಮುಸಿಮುಸಿ ನಕ್ಕರು. ಅಜ್ಜ, ಕೇಕು ಚೆನ್ನಾಗಿದೆ ಎಂದಷ್ಟೇ ಹೇಳಿ ಇನ್ನೊಂದು ತುಂಡು ಹಾಕಿಸಿಕೊಂಡರು.

ತಿಂಗಳು ತಿರುಗಿತು. ತೊಂಬತ್ತನಾಲ್ಕು ಕೇಳಿದವರು ಬೇರೆ ಏನೋ ಕೊಂಡು ಹೋಗಿಯಾಗಿತ್ತು. ಈಗ ಇನ್ನೊಬ್ಬರು ತೊಂಬತ್ತೆರಡು ಎಂದರು. ಅಜ್ಜನ ನೂರು ನೂರಾಗಿಯೇ ಇತ್ತು. ಫೋನ್ ಅಂಗಡಿಯವನು ಒಂದು ಮಧ್ಯಾಹ್ನ ಅಳತೆಯ ಟೇಪು ಹಿಡಿದು ಬಂದು, ಸುಮ್ಮನೆ ನೋಡಲು ಎನ್ನುತ್ತ ಓವನ್ ಇರುವ ಗೋಡೆಯ ಉದ್ದ ಅಳೆದುಕೊಂಡು ಹೋದ. ಇದನ್ನು ಒಡೆಸಿದರೆ ಜಾಗ ಎಷ್ಟು ಸಿಗಬಹುದಕ್ಕಾ ಎಂದು ಸೊಸೆಯನ್ನೇ ಕೇಳಿದ. ಅವನು ಹೋದ ಮೇಲೆ ಅವಳು ತಟ್ಟೆಗಳನ್ನು ತೊಳೆದ ಸದ್ದು ಮೇಲಿನ ಮನೆಯವರೆಗೂ ಕೇಳಿತು.

ಆ ಸಂಜೆ ಊಟಕ್ಕೆ ಬೇಯಿಸಿದ ಆಲೂಗಡ್ಡೆ, ಮೊಟ್ಟೆ ಇತ್ತು. ಮೊಮ್ಮಗಳು ಮೆಲ್ಲಗೆ, ಇನ್ನು ಹತ್ತೇ ದಿನ ಇದೆ ಅಜ್ಜ, ತೊಂಬತ್ತೆರಡೂ ನಾಳೆ ಇರುತ್ತದೋ ಇಲ್ಲವೋ ಎಂದಳು.

"ನಲವತ್ತು ವರ್ಷ ಅಂಗಡಿ ನಡೆಸಿದೀನಿ," ಎಂದರು ಅಜ್ಜ. "ಒಂದು ದಿನ ಅರ್ಧ ಬೆಲೆ ಬುಟ್ಟಿ ಇಟ್ಟೋನಲ್ಲ. ಈಗ ಇಡಲಾ?"

ಸೊಸೆ ಕೈಯಲ್ಲಿದ್ದ ಮೊಟ್ಟೆಯನ್ನು ತಟ್ಟೆಗೆ ಇಟ್ಟಳು. ಮಾವನ ಎದುರು ದನಿ ಎತ್ತಿದವಳಲ್ಲ ಅವಳು, ಆಗಲೂ ಎತ್ತಲಿಲ್ಲ.

"ಬುಟ್ಟಿ ಯಾಕೆ ಇಡಲಿಲ್ಲ ಅಂತ ಗೊತ್ತಾ ಮಾವ? ಉಳಿದ ಬ್ರೆಡ್ಡನ್ನೆಲ್ಲ ದಿನಾ ಸಂಜೆ ನಾನು ಕೂತು ಹೋಳು ಮಾಡಿ, ಮತ್ತೆ ಓವನ್ನಿಗಿಟ್ಟು ರಸ್ಕ್ ಮಾಡ್ತಿದ್ದೆ. ಇವಳನ್ನ ಹೆತ್ತು ಮೂರು ತಿಂಗಳಿಗೇ ಕೂತಿದೀನಿ. ಜ್ವರ ಇದ್ದಾಗಲೂ ಕೂತಿದೀನಿ. ನೀವು ರೇಟು ಇಳಿಸಲಿಲ್ಲ, ನಿಜ. ಇಳಿಸದೆ ಇರೋ ಹಾಗೆ ನೋಡ್ಕೊಂಡಿದ್ದು ಈ ಕೈ. ಈ ಬಾಂಡನ್ನ ನಾನು ರಸ್ಕ್ ಮಾಡಿ ಕೊಡೋಕಾಗಲ್ಲ."

ಮಗ ಹೋಗಲಿ ಎನ್ನಲು ಬಾಯಿ ತೆರೆದ. ಅಜ್ಜಿ ಮೇಜಿನಡಿಯಲ್ಲಿ ಅವನ ಕಾಲು ತುಳಿದರು. ಸೊಸೆ ಎದ್ದು ತನ್ನ ತಟ್ಟೆಯನ್ನು ತೊಳೆಯಲು ಹೋದಳು. ಅಷ್ಟು ವರ್ಷ ತನ್ನನ್ನು ತಂದೆಯ ಹಾಗೆ ನೋಡಿಕೊಂಡ ಮನುಷ್ಯನಿಗೆ ಹೀಗೆ ಅಂದುಬಿಟ್ಟೆನಲ್ಲ ಎಂದು ಅವಳಿಗೆ ಸಂಕಟವಾಗುತ್ತಿತ್ತು, ಅಂದದ್ದು ಸುಳ್ಳಲ್ಲ ಎಂಬುದೂ ಗೊತ್ತಿತ್ತು. ಅಜ್ಜ ಉಂಡು ಮುಗಿಸಿ, ಉಪ್ಪಿನ ಡಬ್ಬಿಯ ಮುಚ್ಚಳ ಹಾಕಿ, ಕೋಣೆಗೆ ಹೋದರು.

ಎರಡು ದಿನ ಸೊಸೆ ಎಂದಿನಂತೆ ಚಹಾ ತಂದಿಟ್ಟಳು, ಅವರು ಎಂದಿನಂತೆ ಕುಡಿದರು. ಮೂರನೆಯ ದಿನ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಮಗನ ವ್ಯಾನಿನಲ್ಲಿ ಬ್ರೆಡ್ಡಿನ ಕ್ರೇಟುಗಳ ನಡುವೆ ಕೂತು ಮೊಮ್ಮಗಳ ಕಚೇರಿಗೆ ಹೋದರು. ಅವಳ ಕೆಲಸದ ಜಾಗವನ್ನು ಅವರು ನೋಡಿದ್ದೇ ಇಲ್ಲ. ಸಾಲಾಗಿ ಹುಡುಗ ಹುಡುಗಿಯರು ಎರಡೆರಡು ಪರದೆಗಳ ಮುಂದೆ ಕೂತಿದ್ದರು. ಮೊಮ್ಮಗಳು ಗಾಬರಿಯಿಂದ ಎದ್ದು ತನ್ನ ಕುರ್ಚಿಯನ್ನೇ ಕೊಟ್ಟಳು.

"ಎಲ್ಲಿದೆ ನಿಮ್ಮ ಬನ್ನು, ತೋರಿಸು," ಎಂದರು ಅಜ್ಜ.

ಅವಳು ಸರ್ಕಾರದ ಬಾಂಡುಗಳಿರುವ ಪರದೆ ತೋರಿಸಿದಳು. ಅಂಕಿಗಳು ಒಂದೇ ಸಮನೆ ಬದಲಾಗುತ್ತಿದ್ದವು. ಕೊಳ್ಳುವವರ ಬೆಲೆ ಒಂದು ಕಡೆ, ಮಾರುವವರ ಬೆಲೆ ಇನ್ನೊಂದು ಕಡೆ. ಎರಡಕ್ಕೂ ನಡುವೆ ಕೂದಲೆಳೆಯಷ್ಟು ವ್ಯತ್ಯಾಸ. ಬೆಳಗಿನ ಹೊತ್ತು ನಮ್ಮ ಅಂಗಡಿಯ ಮುಂದೆ ನೂಕುನುಗ್ಗಲು ಇರುತ್ತಲ್ಲ, ಹಾಗೆ ಎಂದಳು. ಅಜ್ಜ ಬಹಳ ಹೊತ್ತು ನೋಡಿದರು. ಆಮೇಲೆ ತಮ್ಮ ಬಾಂಡಿನ ಪರದೆ ತೆಗೆಯಲು ಹೇಳಿದರು. ಅದರಲ್ಲಿ ಮಾರುವವರ ಕಡೆ ಒಬ್ಬರೇ, ಅದು ಅವರೇ. ನೂರು. ಕೊಳ್ಳುವವರ ಕಡೆಯೂ ಒಬ್ಬರೇ. ತೊಂಬತ್ತು.

"ತೊಂಬತ್ತೆರಡು ಇತ್ತಲ್ಲೇ?"

"ನಿನ್ನೆ ತನಕ ಇತ್ತು ಅಜ್ಜ."

ಅವರು ಕೈಗಳನ್ನು ಮಂಡಿಯ ಮೇಲಿಟ್ಟುಕೊಂಡರು. ಪಕ್ಕದ ಮೇಜಿನವರು ಕೂಡ ಫೋನು ಕೆಳಗಿಟ್ಟು ಕಾದರು.

"ಕೊಟ್ಟುಬಿಡು," ಎಂದರು. "ಎಲ್ಲಾನೂ."

ಮೊಮ್ಮಗಳ ಬೆರಳು ಒತ್ತುವ ಮೊದಲು ಒಮ್ಮೆ ತಡೆಯಿತು. ಅಜ್ಜನ ಬಾಯಿಂದ ಇಂಥ ಮಾತು ಬರುತ್ತದೆಂದು ಅವಳು ಎಂದೂ ಎಣಿಸಿರಲಿಲ್ಲ, ಬಂದಾಗ ಸಂತೋಷಕ್ಕಿಂತ ಅಳುವೇ ಬಂತು.

ಕಡಿಮೆ ಬಿದ್ದದ್ದಕ್ಕೆ ಮಗ ಹೊಸ ವ್ಯಾನಿಗೆಂದು ಕೂಡಿಟ್ಟಿದ್ದನ್ನು ತಂದು ಮೇಜಿನ ಮೇಲಿಟ್ಟ. ಹಳೆಯ ವ್ಯಾನಿನ ಹಿಂಬಾಗಿಲನ್ನು ಹಗ್ಗದಿಂದ ಕಟ್ಟಿಕೊಂಡು ಇನ್ನೆರಡು ವರ್ಷ ಓಡಿಸುತ್ತೇನೆ, ಹೋಗಲಿ ಎಂದ. ಆ ಸಲ ಅವನ ಹೋಗಲಿಗೆ ಎಲ್ಲರೂ ತಲೆಬಾಗಿದರು. ಗಡುವಿಗೆ ಮೊದಲೇ ನೋಂದಣಿಯಾಯಿತು. ಯಾರ ಹೆಸರಿಗೆ ಎಂದು ಗುಮಾಸ್ತರು ಕೇಳಿದಾಗ ಅಜ್ಜ ಸೊಸೆಯ ಕಡೆ ಕೈ ತೋರಿಸಿದರು. ಅವಳು ಬೇಡ ಎನ್ನುವಷ್ಟರಲ್ಲಿ ಅಜ್ಜಿ ಪೆನ್ನನ್ನು ಅವಳ ಕೈಗೆ ತುರುಕಿದ್ದರು. ಮಾಲೀಕರು ಆ ದಿನ ನಿಂತೇ ಮಾತಾಡಿ, ನಾಲ್ಕು ಬನ್ನು ಕಟ್ಟಿಸಿಕೊಂಡು ಹೊರಟರು. ಫೋನ್ ಅಂಗಡಿಯವನು ಮುಖ ಊದಿಸಿಕೊಂಡು ಒಂದು ವಾರ ಬೇರೆ ಕಡೆ ಬ್ರೆಡ್ ಕೊಂಡ, ಆಮೇಲೆ ಮತ್ತೆ ಬಂದ.

ಕತೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಪೇಟೆ ಎಂಬುದಕ್ಕೆ ಮನುಷ್ಯರ ಮನೆಯ ಗಡುವು ಗೊತ್ತಿರುವುದಿಲ್ಲ. ನೋಂದಣಿಯಾಗಿ ಮೂರು ವಾರಕ್ಕೆ ಯಾವುದೋ ದೊಡ್ಡ ಪಿಂಚಣಿ ನಿಧಿಯವರು ಅದೇ ರಸ್ತೆ ಕಂಪನಿಯ ಬಾಂಡುಗಳನ್ನು ಸಿಕ್ಕಷ್ಟು ಕೊಳ್ಳತೊಡಗಿದರು. ಬೆಲೆ ತೊಂಬತ್ತೊಂಬತ್ತಕ್ಕೆ ಹೋಯಿತು. ಮೊಮ್ಮಗಳು ಕಚೇರಿಯಲ್ಲಿ ಅದನ್ನು ನೋಡಿ ಮಧ್ಯಾಹ್ನ ಊಟ ಬಿಟ್ಟಳು. ಅಜ್ಜನಿಗೆ ತಿಳಿದರೆ ಏನಾದೀತು, ಅಮ್ಮನಿಗೆ ತಿಳಿದರೆ ಅವಳು ತನ್ನ ಮಾತಿನಿಂದಲೇ ಹೀಗಾಯಿತೆಂದು ಕೊರಗುತ್ತಾಳೆ ಎಂದು ಯಾರಿಗೂ ಹೇಳಬಾರದೆಂದು ನಿಶ್ಚಯಿಸಿದಳು.

ಸಂಜೆ ಊಟದ ಮೇಜಿನಲ್ಲಿ ಎಲ್ಲರ ಫೋನುಗಳೂ ಬೋರಲು ಬಿದ್ದಿದ್ದವು. ಮಗ ಎಂದೂ ಇಲ್ಲದೆ ಹವಾಮಾನದ ವಿಷಯ ಮಾತಾಡಿದ. ಸೊಸೆ ತಲೆ ತಗ್ಗಿಸಿಕೊಂಡು ಎಲ್ಲರಿಗೂ ಸೂಪು ಬಡಿಸಿದಳು, ಮಾವನಿಗೆ ಎರಡು ಸಲ. ಅಜ್ಜ ಸೂಪಿಗೆ ಉಪ್ಪು ಸರಿಯಾಗಿದೆ ಎಂದು ಹೊಗಳಿದರು. ಇಷ್ಟು ವರ್ಷಗಳಲ್ಲಿ ಅವರು ಉಪ್ಪನ್ನು ಹೊಗಳಿದ್ದು ಅದೇ ಮೊದಲು.

ಅಜ್ಜಿ ಒಬ್ಬೊಬ್ಬರ ಮುಖವನ್ನೂ ನೋಡಿದರು. ಅವರ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ ಎಂಬುದು ಇಡೀ ಬೀದಿಗೆ ಗೊತ್ತಿದ್ದ ವಿಷಯ.

"ತೊಂಬತ್ತೊಂಬತ್ತು ಆಯ್ತಂತಲ್ಲ," ಎಂದರು. "ಇವರು ಬೆಳಿಗ್ಗೆನೇ ಹೇಳಿದ್ರು. ಸೊಸೆಗೆ ಹೇಳಬೇಡ, ನೊಂದ್ಕೋತಾಳೆ ಅಂತ ಆಣೆ ಬೇರೆ ಹಾಕಿಸ್ಕೊಂಡ್ರು."

ಮಗ ತನಗೆ ಹತ್ತು ಗಂಟೆಗೇ ಗೊತ್ತಾಯಿತೆಂದು ಒಪ್ಪಿಕೊಂಡ. ಮೊಮ್ಮಗಳು ಮುಖ ಮುಚ್ಚಿಕೊಂಡಳು. ಸೊಸೆ ಸೌಟು ಹಿಡಿದು ನಿಂತಲ್ಲೇ ನಿಂತಿದ್ದಳು. ಅವಳಿಗೂ ಗೊತ್ತಿತ್ತು. ಬೆಳಗಿನಿಂದ ಹಿಟ್ಟು ನಾದುವಾಗೆಲ್ಲ ಅದನ್ನೇ ನಾದಿದ್ದಳು. ಕಣ್ಣು ತುಂಬಿ ಬಂತು.

"ನನ್ನಿಂದ ತಾನೇ ಮಾವ. ನಾನು ಅವತ್ತು ಹಾಗೆ ಅನ್ನದಿದ್ರೆ ನೀವು ತಡೀತಿದ್ರಿ."

"ತಡೀತಿದ್ದೆ," ಎಂದರು ಅಜ್ಜ. "ತಡೆದಿದ್ರೆ ಇವತ್ತು ನನ್ನ ಕೈಲಿ ತೊಂಬತ್ತೊಂಬತ್ತು ಇರ್ತಿತ್ತು. ಕೆಳಗಡೆ ಫೋನ್ ಅಂಗಡಿ ಇರ್ತಿತ್ತು."

ಅವರು ಚಮಚವನ್ನು ಬಟ್ಟಲಿನ ಅಂಚಿಗೆ ಒರಗಿಸಿ ಇಟ್ಟರು.

"ಆ ಒಂಬತ್ತನ್ನ ನಾನು ನಷ್ಟ ಅಂತ ಬರ್ಕೊಂಡಿಲ್ಲಮ್ಮ. ಇಷ್ಟು ವರ್ಷ ದುಡಿಸ್ಕೊಂಡೆ, ಸಂಬಳ ಅಂತ ಒಂದು ದಿನ ಕೊಟ್ಟಿರಲಿಲ್ಲ. ಅದು ನಿನ್ನ ಸಂಬಳ."

ಸೊಸೆ ಏಪ್ರನ್ನಿನ ತುದಿಯಿಂದ ಕಣ್ಣೊರೆಸಿಕೊಂಡಳು. ಆಮೇಲೆ ಮಾವನ ಮುಖವನ್ನೇ ನೋಡಿದಳು.

"ಇಪ್ಪತ್ತೈದು ವರ್ಷಕ್ಕೆ ಇಷ್ಟೇನಾ ಮಾವ?"

ಅಜ್ಜಿಗೆ ನಗು ತಡೆಯಲಾಗಲಿಲ್ಲ. ಮಗನೂ ನಕ್ಕ. ಅಜ್ಜ ಮಾತ್ರ ನಗಲಿಲ್ಲ. ಕೇಳಿದ ಪ್ರಶ್ನೆ ಸರಿಯಾದದ್ದೇ ಎಂಬಂತೆ ಅವಳತ್ತ ತಿರುಗಿ ಕೂತರು.

"ಎಷ್ಟಾಗಬೇಕು, ನೀನೇ ಹೇಳು," ಎಂದರು. "ನೀನು ಹೇಳಿದ್ದೇ ರೇಟು."

ಸೊಸೆ ಅವರ ಬಟ್ಟಲಿಗೆ ಮೂರನೆಯ ಸಲ ಸೂಪು ಬಡಿಸಿ, ನಾಳೆಯ ಹಿಟ್ಟು ಕಲಸಿಡಲು ಕೆಳಗೆ ತನ್ನ ಬೇಕರಿಗೆ ಇಳಿದು ಹೋದಳು.